ಹತ್ತೊಂಬತ್ತು ದಿನದ ದುಡಿಮೆ

ಆ ಬೆಳಿಗ್ಗೆಯೂ ಅವಳು ಅಡುಗೆಮನೆಯ ಚಾಕುವಿನಲ್ಲಿ ಗಂಡನ ಪೆನ್ಸಿಲ್ ಕೆತ್ತಿಕೊಟ್ಟಳು. ಗೋಡೆಗೆ ಗುರುತು ಹಾಕುವ ದಪ್ಪ ಪೆನ್ಸಿಲ್. ಅವನೇ ಕೆತ್ತಿದರೆ ಮೊನೆ ಮುರಿಯುತ್ತಿತ್ತು. ಅವನದು ಒರಟು ಕೈ. ಕಿವಿಗೆ ಸಿಕ್ಕಿಸಿಕೊಂಡು ಬೂಟು ಹಾಕಿಕೊಂಡ.

“ಸಂಬಳ ಬರ್ಲಿ ಕಣೇ, ಮೊದ್ಲು ನಿನ್ನ ಸವತಿಗೆ. ಮಿಕ್ಕಿದ್ದು ನಿನಗೆ.”

“ಹಾಗಾದ್ರೆ ಊಟಕ್ಕೂ ಅವಳ ಹತ್ರಾನೇ ಹೋಗಿ.”

ಸವತಿ ಅಂದರೆ ಕಾಲೇಜು. ಇಪ್ಪತ್ತು ವರ್ಷ ಒಂದು ದೊಡ್ಡ ಕಟ್ಟಡದ ಬಾಗಿಲು ಕಾದವನು ಅವನು. ಲಿಫ್ಟ್ ರಿಪೇರಿಯವರು ಬಂದಾಗಲೆಲ್ಲ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುತ್ತಿದ್ದ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಆ ಕೆಲಸ ತಾನೂ ಕಲಿಯುತ್ತೇನೆಂದು ಹಟ ಹಿಡಿದ. ಫೀಸಿಗೆ ದುಡ್ಡಿರಲಿಲ್ಲ. ಈಗ ಏನೂ ಬೇಡ, ಕೆಲಸ ಸಿಕ್ಕ ಮೇಲೆ ಆರು ವರ್ಷ ಸಂಬಳದಲ್ಲಿ ಹತ್ತರಲ್ಲೊಂದು ಪಾಲು ಕೊಡಿ ಎಂದರು ಕಾಲೇಜಿನವರು. ಸಹಿ ಹಾಕಿ ಬಂದ. ಎರಡು ವರ್ಷ ಇವಳ ಹೊಲಿಗೆ ಮೆಷಿನ್ನಿನಿಂದಲೇ ಮನೆ ನಡೆಯಿತು. ಅಕ್ಕಪಕ್ಕದವರು ಆಡಿಕೊಂಡು ನಕ್ಕರು. ನಗಲಿ ಎಂದು ಇಬ್ಬರೂ ತಮ್ಮ ಕೆಲಸ ನೋಡಿಕೊಂಡರು.

ಲಿಫ್ಟ್ ಕಂಪನಿಯಲ್ಲಿ ಕೆಲಸ ಸಿಕ್ಕಿ ಅಂದಿಗೆ ಹತ್ತೊಂಬತ್ತು ದಿನ. ಮಧ್ಯಾಹ್ನ ಆರನೇ ಮಹಡಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ರಿಪೇರಿಗೆಂದು ಲಿಫ್ಟ್ ಬಿಚ್ಚಿಟ್ಟಿದ್ದರು. ಮೆಟ್ಟಿಲಲ್ಲೇ ಹೊತ್ತು ಕೆಳಗಿಳಿಸಿದರು.

ಕಂಪನಿಯವರು ಅವನ ಬೂಟು, ಪೆನ್ಸಿಲ್, ಹತ್ತೊಂಬತ್ತು ದಿನದ ಸಂಬಳ ತಂದುಕೊಟ್ಟರು. ಹತ್ತರಲ್ಲೊಂದು ಪಾಲು ಬೇರೆ ತೆಗೆದು ಅವಳು ಕಾಲೇಜಿಗೆ ಹೋದಳು.

ಗುಮಾಸ್ತ ಫೈಲು ನೋಡಿ ದುಡ್ಡನ್ನು ಅವಳ ಕಡೆಗೇ ಸರಿಸಿದ. “ಬೇಡಮ್ಮ. ಪೂರ್ತಿ ತಿಂಗಳ ಸಂಬಳ ಬಂದ್ಮೇಲೆ ಪಾಲು ಶುರುವಾಗೋದು. ನಮ್ಮ ಪ್ರಕಾರ ಅವರಿನ್ನೂ ದುಡಿಯೋಕೇ ಶುರು ಮಾಡಿಲ್ಲ.”

“ಮಾಡಿದಾರೆ. ಅವರ ಅಂಗಿಯ ಗ್ರೀಸು ಒಗೆದೋಳು ನಾನು.”

“ನಿಮಗೆ ಒಳ್ಳೇದೇ ಆಯ್ತಲ್ಲ. ಇನ್ನು ಏನೂ ಕೊಡೋ ಹಾಗಿಲ್ಲ.”

“ಒಂದೇ ಒಂದ್ಸಲ ತಗೊಳಪ್ಪ. ಅವರ ಹೆಸರಿನ ಮುಂದೆ ಬರ್ಕೋ, ಸಾಕು.”

ಹಾಗೆಲ್ಲ ಬರೆಯಲು ಬರುವುದಿಲ್ಲ ಎಂದ. ಅವಳೆದುರೇ ಹಾಳೆಯ ಮೇಲೆ ಮುದ್ರೆ ಒತ್ತಿದ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ಸಂಪಾದನೆ ಇಲ್ಲ.

ಬಸ್ಸಿನಲ್ಲಿ ಅಳು ಬರಲಿಲ್ಲ. ಮನೆಗೆ ಬಂದು ಆ ದುಡ್ಡನ್ನು ಅವನ ಕೆಲಸದ ಅಂಗಿಯ ಜೇಬಿನಲ್ಲಿಟ್ಟಳು. ಇಂದಿಗೂ ಅದನ್ನು ಮುಟ್ಟಿಲ್ಲ.

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಪೆನ್ಸಿಲ್ ಕೆತ್ತುತ್ತಾಳೆ. ಗುರುತು ಹಾಕುವವರಿಲ್ಲ, ಆದರೂ ಅದು ಸವೆಯುತ್ತಿದೆ. ಈಗ ಹೆಬ್ಬೆರಳಿನಷ್ಟಿದೆ. ಹೊಟ್ಟು ಗುಡಿಸಿ ಮೆಷಿನ್ನಿಗೆ ಕೂರುತ್ತಾಳೆ.