ಹನೀಫೆ ಅಕ್ಕ ಕೆಸೆ ತೂಗುಹಾಕಿದ ಬೇಸಿಗೆ

ನಿಕ್ಸಾರ್ ಪಟ್ಟಣದ ಕೆಳಪೇಟೆಯ ಹಮಾಮಿನಲ್ಲಿ, ಅಂದರೆ ಊರವರೆಲ್ಲ ಬಂದು ಮೀಯುವ ಸ್ನಾನದಮನೆಯಲ್ಲಿ, ಹೆಂಗಸರ ದಿನಗಳಂದು ಬಾಗಿಲ ಬಳಿ ಕೂರುವವಳು ನಾನು. ಬಂದವರಿಗೆ ಮರದ ಚಪ್ಪಲಿ, ಸುತ್ತಿಕೊಳ್ಳಲು ಬಟ್ಟೆ ಕೊಡುವುದು, ಮಿಂದು ಕೆಂಪಗಾಗಿ ಬಂದವರಿಗೆ ಚಹಾ ಕೊಡುವುದು, ಒಳಗೆ ಆಡಿದ ಮಾತನ್ನು ಹೊರಗೆ ಆಡದಿರುವುದು, ಇಷ್ಟೇ ನನ್ನ ಕೆಲಸ. ಕೊನೆಯದರಲ್ಲಿ ನಾನು ಅಷ್ಟೇನೂ ಗಟ್ಟಿಗಿತ್ತಿಯಲ್ಲ. ಗಟ್ಟಿಗಿತ್ತಿಯಾಗಿದ್ದರೆ ಹನೀಫೆ ಅಕ್ಕನ ವಿಷಯ ಇಲ್ಲಿ ಬರುತ್ತಿರಲಿಲ್ಲ.

ಹನೀಫೆ ಅಕ್ಕ ನಲವತ್ತೊಂದು ವರ್ಷ ಇಲ್ಲಿ ಮೈಯುಜ್ಜಿದವಳು. ಗಂಡ ತೀರಿಕೊಂಡ ಮೂರನೇ ವಾರಕ್ಕೆ, ಸೊಂಟದ ಮೇಲೊಂದು ಹೆಣ್ಣುಕೂಸು ಇಟ್ಟುಕೊಂಡು ಬಂದವಳು, ಕೂಸನ್ನು ನನ್ನ ಅತ್ತೆಯ ಮಡಿಲಿಗೆ ಹಾಕಿ ಒಳಗೆ ಹೋದಳಂತೆ. ಆಗ ಈ ಬಾಗಿಲಲ್ಲಿ ಕೂರುತ್ತಿದ್ದವಳು ನನ್ನ ಅತ್ತೆ. ಹನೀಫೆ ಅಕ್ಕ ಗಿಡ್ಡ ಆಳು, ಅಗಲ ಭುಜ, ಬಡಗಿಗಿರುವಂಥ ಮಣಿಕಟ್ಟು. ಕೆಲಸ ಮಾಡುವಾಗ ಮಾತಿಲ್ಲ. ಬೋರಲು ಮಲಗಿದವರು ಅಂಗಾತ ಹೊರಳಬೇಕೆಂದರೆ ತೊಡೆಯ ಮೇಲೆ ಎರಡು ಸಲ ತಟ್ಟುವಳು. ಮದುಮಗಳಾಗಲಿ, ಮೇಯರ್ ಹೆಂಡತಿಯಾಗಲಿ, ತಟ್ಟಿದರೆ ಹೊರಳಲೇಬೇಕು. ಸಂಜೆ ಎಲ್ಲರೂ ಹೋದಮೇಲೆ ಒಬ್ಬಳೇ ಒಳಗೆ ಕೂತು ಮಿಂದು ಬರುವಳು. ಅವಳ ಬೆನ್ನನ್ನು ಯಾರು ಉಜ್ಜುತ್ತಾರೆ ಎಂದು ನಾವು ಒಬ್ಬರೂ ಕೇಳಿದವರಲ್ಲ.

ಕೆಸೆ ಅಂದರೆ ಕೈಗೆ ತೊಡುವ ಒರಟು ಚೀಲ. ಒಳಗಿನ ಕಾದ ಕಲ್ಲಿನ ಬಿಸಿಕಟ್ಟೆಯ ಮೇಲೆ ಮೈ ಚೆನ್ನಾಗಿ ನೆನೆದ ಮೇಲೆ, ಸೋಪು ಸೋಕಿಸದೆ, ಅದರಿಂದ ನೀಳವಾಗಿ ಎಳೆಯಬೇಕು. ಆಗ ಕೊಳೆ ಶಾವಿಗೆಯ ಹಾಗೆ ಸುರುಳಿಸುರುಳಿಯಾಗಿ ಬರುತ್ತದೆ. ಉಜ್ಜಿದವಳು ಅದನ್ನು ಅಂಗೈಯಲ್ಲಿಟ್ಟು ತೋರಿಸುತ್ತಾಳೆ, ಉಜ್ಜಿಸಿಕೊಂಡವಳು ನಾಚುತ್ತಾಳೆ, ಒಳಗೊಳಗೇ ಹಿಗ್ಗುತ್ತಾಳೆ. ಸೋಪಿನಲ್ಲಿ ಮಿಂದು ಬಂದ ಮೈಯಿಂದ ಮಾತ್ರ ಏನೂ ಏಳುವುದಿಲ್ಲ. ಇದು ಊರಿನ ಎಲ್ಲ ಹೆಂಗಸರಿಗೂ ಗೊತ್ತು.

ಒಳಗಿನ ಗೋಡೆಯಲ್ಲಿ ಒಂದು ಮೊಳೆಯಿದೆ. ಹನೀಫೆ ಅಕ್ಕನಿಗೆ ಕೆಲಸ ಕಲಿಸಿದ ಮುದುಕಿ ಒಬ್ಬ ಮದುಮಗಳ ಬೆನ್ನಿನಿಂದ ಕೊಳೆ ಬಾರದ ದಿನ ತನ್ನ ಕೆಸೆಯನ್ನು ಅದಕ್ಕೆ ತೂಗುಹಾಕಿ ಮನೆಗೆ ಹೋದಳು, ಮತ್ತೆ ಕೆಲಸಕ್ಕೆ ಬರಲಿಲ್ಲ. ಹಾಗೆ ತೂಗುಹಾಕಿದ್ದನ್ನು ಮತ್ತೆ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಹನೀಫೆ ಅಕ್ಕನೂ ಅದನ್ನೇ ಹೇಳುತ್ತಿದ್ದಳು. "ಕೊಳೆ ಬರದಿದ್ದ ದಿನ ನಾನೂ ಹೊರಟೆ. ಯಾರೂ ನಂಗೆ ಹೋಗು ಅನ್ನೋದು ಬೇಡ."

ಕಳೆದ ಚಳಿಗಾಲದಲ್ಲಿ ಅವಳ ಬಲಗೈ ಹೆಬ್ಬೆರಳು ಜೋಮು ಹಿಡಿಯತೊಡಗಿತು. ಒಬ್ಬರನ್ನು ಉಜ್ಜುವುದಕ್ಕೆ ಇಬ್ಬರ ಹೊತ್ತು ಹಿಡಿಯುತ್ತಿತ್ತು. ಗಿರಾಕಿಗಳು ಮೆಲ್ಲಗೆ ಪಕ್ಕದ ಸೊಂಗುಲ್ ಕಡೆ ಸರಿದರು. ಸೊಂಗುಲ್‌ಗೆ ಮೂವತ್ತು ವಯಸ್ಸು, ತೋಳಿನಲ್ಲಿ ಬಲ, ಬಾಯಲ್ಲಿ ಹಾಡು. ಹನೀಫೆ ಅಕ್ಕನಿಗೆ ಉಳಿದವರು ಐದಾರು ಮುದುಕಿಯರು. ಬೇಸಿಗೆ ಬಂದದ್ದೇ ಅವರೂ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹತ್ತಿಹೋದರು. ಆಮೇಲೆ ಅವಳಿಗಿದ್ದವಳು ನೆರ್ಮಿನ್ ಒಬ್ಬಳೇ.

ನೆರ್ಮಿನ್ ನಮ್ಮೂರ ಮಗಳು, ಜರ್ಮನಿಯ ಸೊಸೆ. ಅಲ್ಲಿ ವೃದ್ಧಾಶ್ರಮವೊಂದರಲ್ಲಿ ಮುದುಕಿಯರಿಗೆ ಸ್ನಾನ ಮಾಡಿಸುವ ಕೆಲಸ. ಪ್ರತಿ ವರ್ಷ ಆಗಸ್ಟಿನಲ್ಲಿ ರಜೆಗೆ ಬಂದರೆ, ತವರುಮನೆಯಲ್ಲಿ ಪೆಟ್ಟಿಗೆ ಇಳಿಸಿ ನೇರ ಇಲ್ಲಿಗೆ. ಅವಳ ಮೈಗೆ ಹನೀಫೆ ಅಕ್ಕನ ಕೈಯೇ ಆಗಬೇಕು. "ಅಲ್ಲಿ ವರ್ಷವಿಡೀ ನಾನು ಬೇರೆಯವರನ್ನ ತೊಳೀತೀನಿ, ಮಕ್ಬೂಲೆ. ಇಲ್ಲಿ ಒಂದ್ಸಲ ನನ್ನನ್ನ ಯಾರಾದ್ರೂ ತೊಳೀಲಿ," ಎನ್ನುವಳು ನನ್ನ ಹತ್ತಿರ.

ಈ ವರ್ಷ ಮಾತ್ರ ಊರಿಗೆ ಬಂದ ಮೂರನೇ ದಿನಕ್ಕೆ ಇಲ್ಲಿಗೆ ಬಂದಳು. ಹನೀಫೆ ಅಕ್ಕ ಬೆಳಗ್ಗಿನಿಂದ ಕಾದು ಕೂತಿದ್ದಳು. ನೆರ್ಮಿನ್‌ಳ ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ ಹದ ನೋಡಿದಳು. ಕೊಳೆ ಉರುಳಬೇಕಾದಲ್ಲಿ ಬೆರಳು ಜಾರಿತು. ಜೋಮು ಹಿಡಿದ ತನ್ನ ಬೆರಳಿಗೇ ಗೊತ್ತಾಗುತ್ತಿಲ್ಲ ಅಂದುಕೊಂಡಿರಬೇಕು, ಕೆಸೆ ತೊಟ್ಟು ಎಳೆದಳು. ಏನೂ ಬರಲಿಲ್ಲ. ಇನ್ನೂ ಬಿಸಿನೀರು ಹುಯ್ದು, ಇನ್ನೊಂದಿಷ್ಟು ಹೊತ್ತು ಮಲಗಿಸಿ, ಮತ್ತೆ ಎಳೆದಳು. ನಾನು ಒಣಬಟ್ಟೆ ಕೊಡಲು ಒಳಗೆ ಹೋದಾಗ ಅವಳು ಖಾಲಿ ಅಂಗೈಯನ್ನು ನೋಡುತ್ತ ನಿಂತಿದ್ದಳು. ಸೊಂಗುಲ್ ಹಾಡು ನಿಲ್ಲಿಸಿಬಿಟ್ಟಿದ್ದಳು.

ಹನೀಫೆ ಅಕ್ಕ ನೊರೆ ಹಚ್ಚಿ, ತಲೆ ತೊಳೆದು, ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿದಳು. ಆಮೇಲೆ ಕೆಸೆ ಹಿಂಡಿ ಮೊಳೆಗೆ ಹಾಕಿದಳು. ನನ್ನ ಮುಂದೆ ಚಪ್ಪಲಿ ಬಿಟ್ಟು, "ಬರ್ತೀನಿ ಮಕ್ಬೂಲೆ," ಅಂದಳು. ದಿನಾ ಹೇಳುವ ಮಾತೇ. ನನಗೆ ಅಳು ಬಂತು.

ಮಾರನೇ ದಿನ ನೆರ್ಮಿನ್ ಮರೆತುಹೋದ ಬಾಚಣಿಗೆಗೆಂದು ಬಂದಳು. ಹನೀಫೆ ಅಕ್ಕ ಎಲ್ಲಿ ಎಂದು ಕೇಳಿದಳು.

"ಮನೇಲಿ. ನಿನ್ನ ಬೆನ್ನು ಅವಳನ್ನ ಮನೆಗೆ ಕಳಿಸ್ತು," ಅಂದೆ ನಾನು.

ಮೊಳೆಯ ವಿಷಯ ಹೇಳಿದೆ. ಅವಳು ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತಳು.

"ಹೋದ ವರ್ಷ ಅವಳ ಕೈ ನಡುಗ್ತಿತ್ತು. ನಂಗೆ ಗೊತ್ತಾಗುತ್ತೆ, ದಿನಾ ಅಂಥ ಕೈಗಳನ್ನೇ ನೋಡ್ತೀನಿ. ಪಾಪ, ಕಷ್ಟ ಆಗ್ದಿರ್ಲಿ ಅಂತ ನಿನ್ನೆ ಮನೇಲೇ ಸೋಪು ಹಚ್ಚಿ ಚೆನ್ನಾಗಿ ಉಜ್ಜಿಕೊಂಡು ಬಂದೆ. ಸುಮ್ನೆ ಮೇಲೆಮೇಲೆ ಕೈಯಾಡಿಸಿ ಬಿಡ್ತಾಳೆ ಅಂದ್ಕೊಂಡಿದ್ದೆ."

"ಹನೀಫೆ ಅಕ್ಕ ಯಾವತ್ತೇ ಮೇಲೆಮೇಲೆ ಮಾಡಿದ್ದು?"

ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ತಿಳಿಗೇಡಿತನ ಅನ್ನಬಹುದಿತ್ತು. ನಮ್ಮೂರಲ್ಲಿ ಹುಟ್ಟಿದವಳು ಮಾಡಿದ್ದಕ್ಕೆ ಏನನ್ನೋಣ.

ಸಂಜೆ ನಾನೇ ಹನೀಫೆ ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಕೂತು ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಏಳೆಂಟು ಎಲೆ ಸುತ್ತಿ ಪಾತ್ರೆಯಲ್ಲಿ ಜೋಡಿಸಿದಳು.

"ಅವಳ ರಜ ಯಾವತ್ತಿಗೆ ಮುಗಿಯುತ್ತೆ?"

"ಇನ್ನು ಹನ್ನೆರಡು ದಿನ ಇದೆ."

"ಹನ್ನೊಂದನೇ ದಿನ ಬರೋಕೆ ಹೇಳು. ಅಲ್ಲೀವರೆಗೂ ಬರೀ ನೀರು ಹುಯ್ಕೋಬೇಕು. ಸೋಪು ಮುಟ್ಟಕೂಡದು, ಮೈ ಉಜ್ಜಕೂಡದು. ಕೆಸೆ ಅವಳೇ ತರ್ಲಿ. ನಂದನ್ನ ನಾನು ಮೊಳೆಯಿಂದ ತೆಗೆಯಲ್ಲ."

ಆಗಸ್ಟಿನ ಧಗೆ. ನಡುವೆ ನೆರ್ಮಿನ್‌ಳ ತಂಗಿಯ ಮಗಳ ಮದುವೆ ಬೇರೆ. ಕೈಕೈ ಹಿಡಿದು ಕುಣಿಯುವ ಸಾಲಿನಲ್ಲಿ ಅವಳ ಎಡಬಲಕ್ಕೆ ನಿಂತವರು ಒಬ್ಬೊಬ್ಬರಾಗಿ ಜಾಗ ಬದಲಿಸಿದ್ದನ್ನು ನಾನೇ ಕಂಡೆ. ಅವಳ ಸೋದರತ್ತೆ ಎಲ್ಲರ ಮುಂದೆ ಕೇಳಿಯೇ ಬಿಟ್ಟಳು. "ಯಾಕೇ ನೆರ್ಮಿನ್, ಜರ್ಮನಿಯವರು ಬರುವಾಗ ನಿನ್ನ ಸೋಪು ಕಿತ್ಕೊಂಡು ಕಳಿಸಿದ್ರಾ?"

"ಹರಕೆ ಇದೆ ಅತ್ತೆ," ಅಂದಳು ನೆರ್ಮಿನ್. ಕಾರಣ ಹೇಳಲಿಲ್ಲ. ಆ ಹೊತ್ತಿಗೆ ಅವಳ ಮೇಲಿನ ನನ್ನ ಸಿಟ್ಟು ಇಳಿಯಿತು.

ಹನ್ನೊಂದನೇ ದಿನ ಅವಳು ತನ್ನ ತಾಯಿಯ ಹಳೆಯ ಕೆಸೆ ಹಿಡಿದು ಬಂದಳು. ಹನೀಫೆ ಅಕ್ಕನೂ ಬಂದು, ಗಿರಾಕಿಯ ಹಾಗೆ ನನ್ನ ಹತ್ತಿರ ಚಪ್ಪಲಿ ಕೇಳಿ ಮೆಟ್ಟಿ ಒಳಗೆ ಹೋದಳು. ನಾನು ಬಾಗಿಲು ಬಿಟ್ಟು ಹಿಂದೆಯೇ ಹೋದೆ. ಚಹಾ ಬೇಕಾದವರು ಕಾಯಲಿ ಅಂತ.

ಅರ್ಧ ಗಂಟೆ ನೆನೆಯಿಸಿದಳು. ಹೆಬ್ಬೆರಳು ಒತ್ತಿ ನೋಡಿದಳು. ಭುಜದಿಂದ ಸೊಂಟದವರೆಗೆ ಒಮ್ಮೆ ಎಳೆದಳು. ಬಂತು. ಬೂದುಬಣ್ಣದ, ಬೆರಳುದ್ದದ ಸುರುಳಿಗಳು. ಆದರೆ ಕೆಲಸ ಸಾವಧಾನವಾಗಿ ನಡೆಯಿತು. ನಾಲ್ಕು ಸಲ ಎಳೆದರೆ ಒಮ್ಮೆ ಕೈ ಕೊಡವಿಕೊಳ್ಳುವಳು, ಮಣಿಕಟ್ಟು ಹಿಡಿದು ನಿಲ್ಲುವಳು. ನೆರ್ಮಿನ್ ಕಣ್ಣುಮುಚ್ಚಿ ಮಲಗಿದ್ದಳು, ಸಾಕು ಅನ್ನಲಿಲ್ಲ. ತೊಡೆಯ ಮೇಲೆ ಎರಡು ಸಲ ತಟ್ಟಿದಾಗ ಹೊರಳಿದಳು. ಮುಗಿಯುವ ಹೊತ್ತಿಗೆ ಹನೀಫೆ ಅಕ್ಕನ ಮಣಿಕಟ್ಟು ಊದಿಕೊಂಡಿತ್ತು.

ಅವಳು ಒಂದು ಮುಷ್ಟಿ ಕೊಳೆ ಒಟ್ಟುಮಾಡಿ ನೆರ್ಮಿನ್‌ಳ ಅಂಗೈಯಲ್ಲಿಟ್ಟಳು.

"ನೋಡ್ಕೋ."

"ನೋಡ್ದೆ ಅಕ್ಕ. ನಾಳೆಯಿಂದ ಕೆಲಸಕ್ಕೆ ಬರ್ತೀಯಲ್ವಾ?"

"ಇಲ್ಲ. ಕೆಸೆ ಮೊಳೆ ಮೇಲೇ ಇರ್ಲಿ. ಆದ್ರೆ ಈಗ ಅದು ನಾನು ಹಾಕಿದ್ದು. ನಿನ್ನ ಸೋಪು ಹಾಕಿದ್ದಲ್ಲ."

ಹಾಗೆಂದು, ತಾಯಿಯ ಕೆಸೆಯನ್ನು ತೊಳೆದು ನೆರ್ಮಿನ್‌ಗೆ ಕೊಟ್ಟು, ಬಿಸಿಕಟ್ಟೆ ಹತ್ತಿ ಬೋರಲು ಮಲಗಿದಳು. ನಲವತ್ತೊಂದು ವರ್ಷದಲ್ಲಿ ಅವಳು ಆ ಕಲ್ಲಿನ ಮೇಲೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ಸೊಂಗುಲ್ ತನ್ನ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ನೋಡತೊಡಗಿದಳು.

"ಈಗ ನೀನು ಉಜ್ಜು," ಅಂದಳು ಹನೀಫೆ ಅಕ್ಕ.

ನೆರ್ಮಿನ್ ಮಂಡಿಯೂರಿ ಮೆಲ್ಲಗೆ ಕೈಯಾಡಿಸಿದಳು.

"ಇದೇನೇ, ಬೆಕ್ಕಿನ ಮೈ ಸವರ್ತಿದೀಯಾ? ಜರ್ಮನಿ ಮುದುಕಿಯರನ್ನ ಹಿಂಗೇನಾ ತೊಳೆಯೋದು?"

"ನೋವಾಗುತ್ತೆ ಅಂತ ಅಕ್ಕ."

"ಆಗ್ಲಿ. ನಂಗೆ ಕರುಣೆ ತೋರಿಸ್ಬೇಡ. ಒತ್ತು."

ನೆರ್ಮಿನ್ ಒತ್ತಿ ಎಳೆದಳು. ಆ ಅಗಲ ಬೆನ್ನಿನ ನಡುವೆ, ಅವಳ ಸ್ವಂತ ಕೈ ಎಂದೂ ಎಟುಕದ ಜಾಗದಿಂದ, ದಪ್ಪ ಸುರುಳಿಗಳು ಏಳತೊಡಗಿದವು.

"ಬಂತಾ?"

"ಬಂತು ಅಕ್ಕ."

"ತೋರ್ಸು."

ನೆರ್ಮಿನ್ ಅಂಗೈ ಚಾಚಿದಳು. ಹನೀಫೆ ಅಕ್ಕ ಕೆನ್ನೆಯನ್ನು ಕಲ್ಲಿಗೆ ಆನಿಸಿದವಳು ಹಾಗೆಯೇ, ಒಂದೇ ಕಣ್ಣಿನಿಂದ, ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಬೆನ್ನು ಮುಗಿದ ಮೇಲೆ ನೆರ್ಮಿನ್ ಒಂದು ಗಳಿಗೆ ತಡೆದು, ಅವಳ ತೊಡೆಯ ಮೇಲೆ ಎರಡು ಸಲ ತಟ್ಟಿದಳು. ಹನೀಫೆ ಅಕ್ಕ ಹೊರಳಿದಳು.