ನಾನು ಬಿಚ್ಚಿಸಿದ ನೂರಾ ಎಂಬತ್ತಾರು ಡಬ್ಬಿಗಳು

ನನ್ನ ನಿವೃತ್ತಿಗೆ ಇನ್ನು ಎರಡೇ ವರ್ಷ ಉಳಿದಿತ್ತು. ಕಾನ್‌ಸ್ಟೇಬಲ್ ಆಗಿ ಸೇರಿ ಒಂದೊಂದೇ ಮೆಟ್ಟಿಲು ಹತ್ತಿ ಸಬ್ ಇನ್‌ಸ್ಪೆಕ್ಟರ್ ಆದವನು ನಾನು. ಆಗ ಚಿತ್ರದುರ್ಗ ಜಿಲ್ಲೆಯ ಒಂದು ಠಾಣೆಯಲ್ಲಿದ್ದೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಈಗ ಅಲ್ಲಿರುವವರ ತಪ್ಪೇನೂ ಇದರಲ್ಲಿಲ್ಲ, ತಪ್ಪು ನನ್ನದು. ಕೊಲೆ, ದರೋಡೆ, ಹೆದ್ದಾರಿಯ ಅಪಘಾತ ಎಲ್ಲ ನೋಡಿದ್ದೇನೆ. ಆದರೂ ಇವತ್ತಿಗೆ ನನ್ನನ್ನು ಚುಚ್ಚುವುದು ಒಂದು ಗೊಂಬೆಯ ಕೇಸು. ನಗುವವರು ನಗಲಿ.

ಒಂದು ಬೆಳಿಗ್ಗೆ ಆಟಿಕೆ ಕಂಪನಿಯೊಂದರ ಏಜೆಂಟ್ ಬೆಂಗಳೂರಿನಿಂದ ಬಂದ. ಸೂಪರ್‌ಹೀರೋ ಒಬ್ಬನ ಗೊಂಬೆ ತಯಾರಿಸುವ ಲೈಸೆನ್ಸ್ ತಮ್ಮ ಕಂಪನಿಗೆ ಮಾತ್ರ ಇದೆ, ಬಸ್ ಸ್ಟ್ಯಾಂಡ್ ರಸ್ತೆಯ ಅಂಗಡಿಯಲ್ಲಿ ಬೇರೆ ಕಂಪನಿ ಹೆಸರಿನ ನಕಲಿ ಮಾಲು ಇದೆ ಎಂದು ದೂರು ಬರೆದುಕೊಟ್ಟ. ಲೈಸೆನ್ಸ್ ಎಂದರೆ ಆ ಪಾತ್ರದ ಒಡೆಯರು ಗೊಂಬೆ ಮಾಡಲು ಒಂದು ಕಂಪನಿಗೆ ಕೊಡುವ ಹಕ್ಕು. ಅದಕ್ಕೆ ಇಂತಿಷ್ಟು ವರ್ಷ ಎಂಬ ಗಡುವು ಇರುತ್ತದೆ. ಮುಗಿದ ಮೇಲೆ ಬೇರೆ ಕಂಪನಿಯ ಪಾಲಾಗಬಹುದು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ಏಜೆಂಟ್ ತೋರಿಸಿದ ಕಾಗದದ ಮೇಲಿನ ಸೀಲು ನೋಡಿದೆ, ಕಾಪಿರೈಟ್ ಕಾಯ್ದೆಯಡಿ ಎಫ್‌ಐಆರ್ ಹಾಕಿದೆ.

ಅಂಗಡಿಯವನ ಹೆಸರು ತಿಪ್ಪೇಸ್ವಾಮಿ. ನಲವತ್ತರ ಆಸುಪಾಸು, ಮತ್ತೋಡು ಕಡೆಯ ಕುರಿ ಸಾಕುವ ಮನೆಯವನು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೋತಿತ್ತು. ಕುರಿಗಳ ಹಿಂದೆ ಅಲೆಯಲಾಗದೆ ಪೇಟೆಗೆ ಬಂದವನು. ಮೊದಲು ಚಂದ್ರವಳ್ಳಿಯ ಹತ್ತಿರ ತಳ್ಳುಗಾಡಿಯಲ್ಲಿ ಆಟಿಕೆ ಮಾರುತ್ತಿದ್ದನಂತೆ. ಅಂಗಡಿಯ ಮುಂಭಾಗದಲ್ಲಿ ಚೆಂಡು, ಬಲೂನು, ಪೆನ್ನು. ಹಿಂದಿನ ಗೋಡೆಗೆ ಗಾಜಿನ ಬೀರು, ಅದರ ತುಂಬ ಸೀಲು ಒಡೆಯದ ಡಬ್ಬಿಗಳಲ್ಲಿ ಸೂಪರ್‌ಹೀರೋಗಳು. ಒಂದರ ಮೇಲೂ ಧೂಳಿಲ್ಲ.

"ಇವು ಮಾರಕ್ಕಲ್ಲ ಸಾರ್, ಕೂಡಿಟ್ಟಿರವು" ಎಂದ. "ಮೊದ್ಲು ಲೈಸೆನ್ಸು ಈ ಕಂಪನಿಗಿತ್ತು. ಆಮ್ಯಾಲೆ ಈಗ ದೂರು ಕೊಟ್ಟಿರೋರ ಕೈಗೋತು. ಹಳೇವು ನಿಂತೋದ್ವು, ಇನ್ನ ಎಲ್ಲೂ ತಯಾರಾಗಲ್ಲ. ಅದಕ್ಕೇ ಇಟ್ಕಂಡೀನಿ."

"ಏನಪ್ಪ, ಒಂದೇ ಎಮ್ಮೆಗೆ ಇಬ್ಬರು ಒಡೆಯರಾ?" ಎಂದು ಗದರಿದೆ. ಜೊತೆಗಿದ್ದವರು ನಕ್ಕರು. ನನಗೆ ಹೆಮ್ಮೆಯಾಯಿತು.

ಜಪ್ತಿಗೆ ಒಂದು ಕ್ರಮವಿದೆ. ಇಬ್ಬರು ಪಂಚರ, ಅಂದರೆ ಹೊರಗಿನ ಸಾಕ್ಷಿಗಳ, ಮುಂದೆ ಮಹಜರ್ ಬರೆಯಬೇಕು. ಪ್ರತಿ ವಸ್ತುವಿಗೆ ನಂಬರ್ ಹಾಕಬೇಕು. ಪಂಚರ ಸಹಿಯ ಚೀಟಿ ಅಂಟಿಸಬೇಕು. ಹಿಂದೊಮ್ಮೆ ನಾನು ಮೊಬೈಲ್ ಡಬ್ಬಿಗಳನ್ನು ಬಿಚ್ಚದೆ ಜಪ್ತಿ ಮಾಡಿ, ಕೋರ್ಟಿನಲ್ಲಿ ತೆರೆದಾಗ ಒಳಗೆ ರಟ್ಟಿನ ಚೂರು ಸಿಕ್ಕಿ, ನ್ಯಾಯಾಧೀಶರಿಂದ ಸರಿಯಾಗಿ ಉಗಿಸಿಕೊಂಡಿದ್ದೆ. ಅಂದಿನಿಂದ ಬಿಚ್ಚದೆ ಯಾವುದನ್ನೂ ಬರೆಸುತ್ತಿರಲಿಲ್ಲ. ಈ ಡಬ್ಬಿಗಳನ್ನೂ ಬಿಚ್ಚಿ ಎಂದೆ.

ಅಲ್ಲಿಯವರೆಗೆ ಸಮಾಧಾನದಿಂದಿದ್ದ ತಿಪ್ಪೇಸ್ವಾಮಿ ಸ್ಟೂಲಿನಿಂದ ಎದ್ದು ಗೋಡೆ ಹಿಡಿದು ಬಂದ. "ಎಲ್ಲಾನೂ ತಗಂಡೋಗ್ರಿ ಸಾರ್, ನನ್ನೂ ಕರ್ಕಂಡೋಗ್ರಿ. ಬಿಚ್ಚಬ್ಯಾಡ್ರಿ. ಸೀಲ್ ಒಡುದ್ರೆ ಇವು ಬರೇ ಪ್ಲಾಸ್ಟಿಕ್ಕು. ಹದಿನೇಳು ವರ್ಷದ್ದು ಸಾರ್."

ಜೈಲಿಗೆ ಹೆದರದವನು ಡಬ್ಬಿ ಬಿಚ್ಚಲು ಹೆದರುತ್ತಾನೆಂದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡೆ. ಒಳಗೆ ಗಾಂಜಾ ಇರಬಹುದೆಂಬ ಗುಮಾನಿಯೂ ಬಂತು. ಪೊಲೀಸನ ಬುದ್ಧಿ ಅದು. ಬೇಡ ಎಂದ ಕಡೆಗೇ ಕೈ ಹೋಗುತ್ತದೆ.

ನಾಲ್ಕು ಗಂಟೆ ಹಿಡಿಯಿತು. ಒಬ್ಬ ಕಾನ್‌ಸ್ಟೇಬಲ್ ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳಿದ, ಇನ್ನೊಬ್ಬ ಕಟ್ಟಿದ್ದ ತಂತಿ ಕತ್ತರಿಸಿ ಗೊಂಬೆ ತೆಗೆದ. ಬೆನ್ನಿನ ಮೇಲೆ ಅಳಿಸಿಹೋಗದ ಕಪ್ಪು ಮಾರ್ಕರ್‌ನಲ್ಲಿ ನಾನೇ ನಂಬರ್ ಬರೆದೆ. ಗಾಂಜಾ ಇರಲಿಲ್ಲ, ಏನೂ ಇರಲಿಲ್ಲ. ಹೊಸದರಲ್ಲಿ ಹೇಗಿದ್ದವೋ ಹಾಗೇ ಇದ್ದ ಗೊಂಬೆಗಳು, ಅಷ್ಟೇ. ಒಂದಷ್ಟು ಹೊತ್ತು ಅತ್ತ ತಿಪ್ಪೇಸ್ವಾಮಿ ಆಮೇಲೆ ಕಣ್ಣೊರೆಸಿಕೊಂಡು ಮಹಜರ್ ಬರೆಯುತ್ತಿದ್ದ ನಮ್ಮ ಠಾಣೆಯ ರೈಟರ್ ಪಕ್ಕ ಕುಳಿತ. "ಅದು ಎರಡನೇ ಸರಣೀದು. ಕೆಂಪು ಬೆಲ್ಟಿಂದು. ಸರಿಯಾಗಿ ಬರ್ಕಳ್ರಿ" ಎಂದು ಒಂದೊಂದರ ಹೆಸರನ್ನೂ ಹೇಳಿ ಬರೆಸಿದ. ಒಟ್ಟು ನೂರಾ ಎಂಬತ್ತಾರು. ಆರೋಪಿ ಸಹಕರಿಸಿದ ಎಂದು ಮಹಜರಿನಲ್ಲಿ ಸೇರಿಸಿದೆ. ಅಂಥ ಅಚ್ಚುಕಟ್ಟಾದ ಮಹಜರನ್ನು ನಾನು ಅದುವರೆಗೆ ಬರೆದಿರಲಿಲ್ಲ.

ಎರಡು ತಿಂಗಳ ಮೇಲೆ ದೂರು ಕೊಟ್ಟ ಕಂಪನಿಯ ತಾಂತ್ರಿಕ ಪರಿಣತರೊಬ್ಬರು ಮಾಲು ಪರೀಕ್ಷಿಸಲು ಮುಂಬೈಯಿಂದ ಬಂದರು. ಡಬ್ಬಿಗಳ ಅಡಿಯ ಕೋಡ್ ನಂಬರುಗಳನ್ನು ಪಾತ್ರದ ಒಡೆಯರಿಂದ ತಂದಿದ್ದ ಪಟ್ಟಿಯ ಜೊತೆ ತಾಳೆ ನೋಡಿದರು. ಹತ್ತು ನಿಮಿಷ ಕೂಡ ಬೇಕಾಗಲಿಲ್ಲ. ಇವೆಲ್ಲ ಅಸಲಿ, ಹಿಂದಿನ ಕಂಪನಿಗೆ ಲೈಸೆನ್ಸ್ ಇದ್ದ ಕಾಲದಲ್ಲಿ ತಯಾರಾದವು, ಕೊಂಡವನು ಇಟ್ಟುಕೊಳ್ಳುವುದು ಅಪರಾಧವೇ ಅಲ್ಲ ಎಂದರು. ಏಜೆಂಟ್ ಕೆಲಸಕ್ಕೆ ಸೇರಿದ್ದೇ ಲೈಸೆನ್ಸ್ ಕೈ ಬದಲಾದ ಮೇಲಂತೆ. ಹಳೆಯದರ ವಿಷಯ ಅವನಿಗೆ ಗೊತ್ತಿರಲಿಲ್ಲ. ಹೋಗುವಾಗ ಆ ಪರಿಣತರು ಸೀಳಿದ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು, ಒಂದೇ ಮನುಷ್ಯನ ಹತ್ತಿರ ಈ ಸರಣಿ ಪೂರ್ತಿಯಾಗಿ ಸೀಲ್ ಸಮೇತ ಇದ್ದದ್ದನ್ನು ತಾವು ಬೇರೆಲ್ಲೂ ಕಂಡಿಲ್ಲ, ಇದನ್ನು ಬಿಚ್ಚಿದವರು ಯಾರು ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಕೇಸು ಬಿದ್ದುಹೋಯಿತು. ಬಿ ರಿಪೋರ್ಟ್, ಅಂದರೆ ಅಪರಾಧ ನಡೆದಿಲ್ಲ ಎಂಬ ವರದಿ, ಹಾಕಿದೆ. ಮಾಲು ವಾಪಸ್ ಕೊಡಲು ಕೋರ್ಟಿನ ಆದೇಶ ಬರುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆದಿತ್ತು, ನನ್ನ ಪಿಂಚಣಿಯ ಕಾಗದಗಳು ಓಡಾಡುತ್ತಿದ್ದವು.

ತಿಪ್ಪೇಸ್ವಾಮಿ ಆಟೋದಲ್ಲಿ ಬಂದ. ನಾಲ್ಕು ಗೋಣಿಚೀಲ ತಂದು ಅವನ ಮುಂದೆ ಇಟ್ಟೆವು. ಒಂದರ ಬಾಯಿ ಬಿಚ್ಚಿ ನೋಡಿ ಮತ್ತೆ ಕಟ್ಟಿದ. ಉಳಿದವನ್ನು ಮುಟ್ಟಲಿಲ್ಲ. ಸ್ವೀಕೃತಿಯಲ್ಲಿ ಪಡೆಯುವವನೇ ತನ್ನ ಕೈಬರಹದಲ್ಲಿ ಒಂದು ಸಾಲು ಬರೆಯಬೇಕು: ಮೇಲ್ಕಂಡ ವಸ್ತುಗಳನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ. ನಾನು ಹೇಳಿದೆ, ಅವನು ಬರೆಯುತ್ತ ಹೋದ. 'ಸುಸ್ಥಿತಿ' ಬಂದಾಗ ಪೆನ್ನು ನಿಂತಿತು.

"ಇದನ್ನ ಹೆಂಗೆ ಬರೀಲಿ ಸಾರ್?"

ಇದ್ದದ್ದನ್ನು ಇದ್ದಂತೆ ಬರಿ ಎನ್ನಬಹುದಿತ್ತು. ಹಾಗೆ ಬರೆದರೆ ಕೋರ್ಟು ಕಾರಣ ಕೇಳುತ್ತದೆ, ಇಲಾಖಾ ವಿಚಾರಣೆ ಬರುತ್ತದೆ, ಪಿಂಚಣಿ ನಿಲ್ಲುತ್ತದೆ. ಅವನು ನನ್ನ ಮುಖ ನೋಡಿದ.

"ಬರೀದಿದ್ರೆ ನಿಮಗೆ ತೊಂದ್ರೆ ಆಗ್ತೈತೇನ್ರಿ?"

"ಆಗ್ತದಪ್ಪ" ಎಂದೆ.

ಅವನು ಬರೆದ, ಕೆಳಗೆ ಸಹಿ ಹಾಕಿದ. ಚೀಲಗಳನ್ನು ಆಟೋಗೆ ಹಾಕಿಸಿಕೊಂಡು ಹೋದ. ಅಂಗಡಿಯ ಮುಂದೆ ಆಮೇಲೆ ಜೀಪಿನಲ್ಲಿ ಎಷ್ಟೋ ಸಲ ಹಾದುಹೋಗಿದ್ದೇನೆ. ಗಾಜಿನ ಬೀರುವಿನಲ್ಲಿ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು ಇದ್ದವು. ಇಳಿದು ಮಾತಾಡಿಸುವ ಧೈರ್ಯ ನನಗೆ ಬರಲಿಲ್ಲ.

ವಸ್ತು ಯಾರದ್ದು ಎಂದು ಕೇಳುವುದನ್ನು ಇಲಾಖೆ ನನಗೆ ಕಲಿಸಿತ್ತು. ಅದು ಏನು ಮಾಡಿದರೆ ಕೆಡುತ್ತದೆ ಎಂದು ಮೊದಲು ಕೇಳಬೇಕು, ಬೇಡ ಎಂದವನು ಯಾಕೆ ಬೇಡ ಎನ್ನುತ್ತಾನೆಂದು ಪೂರ್ತಿ ಕೇಳಬೇಕು ಎಂದು ಕಲಿಸಿದವನು ತಿಪ್ಪೇಸ್ವಾಮಿ. ಬೀಳ್ಕೊಡುಗೆಯ ದಿನ ಮೇಲಧಿಕಾರಿಗಳು ನನಗೆ ಹಾರ ಹಾಕಿ, ಇಡೀ ಸರ್ವಿಸ್‌ನಲ್ಲಿ ಒಂದು ಸುಳ್ಳು ಸಾಲನ್ನೂ ಬರೆಯದ ಮನುಷ್ಯ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಹೇಳಿದ್ದು ನಿಜವೇ. ಆ ಒಂದು ಸಾಲನ್ನು ನಾನು ಬರೆಯಲಿಲ್ಲ, ಅವನ ಕೈಯಲ್ಲಿ ಬರೆಸಿದೆ.