ಮೂರನೇ ನೀರು

ನಂಬಲಿಕ್ಕೆ ಆಗುತ್ತಿಲ್ಲ...
ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ರಘುಪತಿ ಸರ್ ಇನ್ನಿಲ್ಲ.
ನಿದ್ರೆಯಲ್ಲೇ ಹೋದರಂತೆ...
ಕ್ಲಾಸಿಗೆ ಒಂದು ನಿಮಿಷವೂ ಲೇಟಾಗದ ಮನುಷ್ಯ, ಈ ಸಲ ಬೆಲ್ ಹೊಡೆಯುವ ಮುಂಚೆಯೇ ಎದ್ದು ಹೊರಟುಬಿಟ್ಟರು.

ಉಡುಪಿಯ ನಮ್ಮ ಕಾಲೇಜಿನಲ್ಲಿ ಅವರು ಕೆಮಿಸ್ಟ್ರಿ, ನಾನು ಕನ್ನಡ.
ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಒಂದೇ ಮೇಜು...
ಇದನ್ನು ಓದುವವರಲ್ಲಿ ಅವರ ವಿದ್ಯಾರ್ಥಿಗಳು ಬಹಳ ಜನ ಇದ್ದೀರಿ. ನೀರಿಗೆ ಸೋಡಿಯಂ ಚೂರು ಬಿಟ್ಟು ಅದು ಓಡುವುದನ್ನೂ, ಪೊಟ್ಯಾಸಿಯಂ ಬಿಟ್ಟು ಅದು ಹೊತ್ತಿಕೊಳ್ಳುವುದನ್ನೂ ತೋರಿಸಿದವರು ಇವರೇ.

ತೊಂಬತ್ತರ ದಶಕದ ಕೊನೆಗೆ ಒಮ್ಮೆ ಎದೆನೋವು ಬಂತು. ಆಸ್ಪತ್ರೆಯಿಂದ ಬಂದ ಮೇಲೂ ಬಿಪಿ ಇಳಿಯಲಿಲ್ಲ.
ಡಾಕ್ಟರು ಹೇಳಿದರು, ಮಾತ್ರೆ ಬಿಡಬೇಡಿ, ಉಪ್ಪು ಬಿಡಿ. ಬಿಪಿ ಇಳಿಯುವ ತನಕ ಮೆಟ್ಟಿಲು ಹತ್ತಬೇಡಿ.
ಚುಚ್ಚಿದ್ದು ಮೆಟ್ಟಿಲಿನ ಮಾತು...
ಪ್ರತಿ ವರ್ಷ ಫೈನಲ್ ಇಯರ್ ಮಕ್ಕಳ ಜೊತೆ ಕಾಪು ಲೈಟ್‌ಹೌಸ್ ಹತ್ತುವುದು ಅವರ ಪದ್ಧತಿ. ನಿವೃತ್ತಿಗೆ ಒಂದೇ ಬ್ಯಾಚ್ ಉಳಿದಿತ್ತು.
"ಕೊನೆಯ ಬ್ಯಾಚಿಗೆ ನಾನು ಕೆಳಗೆ ಚಪ್ಪಲಿ ಕಾಯುವುದಾ ಮಾರಾಯ್ರೆ?"

ಉಪ್ಪು ಬಿಟ್ಟರು. ಸಾರಿಗಿಲ್ಲ, ಮಜ್ಜಿಗೆಗಿಲ್ಲ, ಎಲೆಯ ತುದಿಯಲ್ಲೂ ಇಲ್ಲ.
ಬಿಪಿ ಮಾತ್ರ ಅಲ್ಲೇ...
"ನಿಮ್ಮ ಬಿಪಿ ನಮ್ಮ ಪ್ರಿನ್ಸಿಪಾಲರ ಹಾಗೆ ಸರ್, ಒಮ್ಮೆ ಮೇಲೆ ಕೂತರೆ ಇಳಿಯುವುದಿಲ್ಲ" ಎಂದೆ. ನಗಲಿಲ್ಲ.

ಕೊನೆಗೆ ಮಣಿಪಾಲದಲ್ಲಿ ಒಬ್ಬಳು ಡಯಟೀಷಿಯನ್. ಗದಗದ ಕಡೆಯ ಹುಡುಗಿ. ನಾನೂ ಜೊತೆಗಿದ್ದೆ.
"ಮಳಿಗಾಲದಾಗ ಕಾಯಿಪಲ್ಲೆ ಏನ್ ಮಾಡ್ತೀರಿ ಸರ?"
"ಹೆಚ್ಚಾಗಿ ಉಪ್ಪುಸೊಳೆ. ಹಲಸಿನಕಾಯಿದು. ಹೆಂಡತಿಯ ತವರು ಕಾರ್ಕಳದಿಂದ ಭರಣಿ ಬರ್ತದೆ."
"ಬ್ಯಾಸಿಗಿ ಹಲಸು ಮಳಿಗಾಲದ ತನಕ ಹೆಂಗ ಉಳೀತದ್ರಿ?"
ಕೇಳಿದ್ದು ಮೇಷ್ಟ್ರನ್ನು. ಪಾಠ ಶುರುವಾಯಿತು.
"ನೋಡಮ್ಮ, ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ ಇಡುವುದು. ಆಸ್ಮೋಸಿಸ್. ಹಲಸಿನ ನೀರು ಹೊರಗೆ ಬರ್ತದೆ, ಸೋಡಿಯಂ ಒಳಗೆ..."
ಅಲ್ಲಿಗೆ ನಿಂತರು.
"ಮುಂದ ಹೇಳ್ರಿ ಸರ."
"ಮುಂದೆ ಎಂತ ಇಲ್ಲಮ್ಮ."

ನಮ್ಮ ಊರಿನಲ್ಲಿ ಉಪ್ಪು ಎಂದರೆ ಚಮಚದಲ್ಲಿ ಬಡಿಸುವುದು. ಭರಣಿಯಲ್ಲಿ ಇರುವುದು ಹಲಸು, ಮಾವಿನಮಿಡಿ. ಅವರಿಗೂ ಹೊಳೆಯಲಿಲ್ಲ, ನನಗೂ ಇಲ್ಲ. ಉಡುಪಿಯ ಡಾಕ್ಟರೂ ಕೇಳಲಿಲ್ಲ... ಅವರ ಮನೆಯಲ್ಲೂ ಭರಣಿ ಇದ್ದಿರಬೇಕು.

ಕಿಡ್ನಿ ಟೆಸ್ಟ್ ಸರಿ ಇದ್ದುದರಿಂದ ಬಾಳೆಹಣ್ಣು, ಬಸಳೆ, ಎಳನೀರು ಬರೆದುಕೊಟ್ಟಳು. "ಸೋಡಿಯಂ ಹೊರಗ ಹಾಕಾಕ ಪೊಟ್ಯಾಸಿಯಂ ಬೇಕ್ರಿ ಸರ, ನಿಮಗ ಗೊತ್ತಿದ್ದದ್ದ."
ರಸಾಯನಶಾಸ್ತ್ರದ ಮೇಷ್ಟ್ರು ಅಂದಿನಿಂದ ಬಾಳೆಹಣ್ಣಿನ ರಸಾಯನಕ್ಕೆ ಇಳಿದರು. ಶಾಸ್ತ್ರ ಬಿಟ್ಟದ್ದಕ್ಕೇ ಗುಣ ಸಿಕ್ಕಿದ್ದು ಎಂದು ನಾನು ಹಂಗಿಸುತ್ತಿದ್ದೆ...
ಉಪ್ಪಿನಕಾಯಿ ಹೋಯಿತು. ಉಪ್ಪುಸೊಳೆ ಮಾತ್ರ ತಿಂಗಳಿಗೊಮ್ಮೆ, ಒಂದು ಹಿಡಿ. ಉಪ್ಪು ಬಿಡುವ ಹಾಗೆ ಅದನ್ನು ನೀರು ಬದಲಿಸುತ್ತಾ ನೆನೆಸುವ ಕೆಲಸ ಹೆಂಡತಿಗೂ ಬಿಡಲಿಲ್ಲ. ಸಂಜೆ ಒಂದು ನೀರು, ಮಲಗುವ ಮುಂಚೆ ಇನ್ನೊಂದು, ಬೆಳಿಗ್ಗೆ ಎದ್ದು ಮೂರನೆಯದು.

ಸರ್... ಆ ವರ್ಷ ಬಿಪಿ ಇಳಿಯಿತು, ನೀವು ಹತ್ತಿದಿರಿ.
ಡಾಕ್ಟರೇ ಹೂಂ ಅಂದಿದ್ದರು.
ನಿಮಗಿಂತ ಒಂಬತ್ತು ವರ್ಷ ಸಣ್ಣವ ನಾನು, ಅರ್ಧದಲ್ಲಿ ಏದುಸಿರು ಬಿಡುತ್ತಾ ಕೂತಿದ್ದೆ.
ಮೇಲಿನಿಂದ ನಿಮ್ಮ ಸ್ವರ... "ಕನ್ನಡ ಪಂಡಿತರೇ, ಅಲ್ಪವಿರಾಮ ಸಾಕು. ಮೇಲೆ ಬನ್ನಿ, ಒಳ್ಳೆ ಗಾಳಿ ಉಂಟು."
ಆಮೇಲೂ ಹತ್ತು ಮಳೆಗಾಲ ಕಂಡಿರಿ ಸರ್. ಮೊಮ್ಮಗಳಿಗೆ ಪೀರಿಯಾಡಿಕ್ ಟೇಬಲ್ ಬಾಯಿಪಾಠ ಮಾಡಿಸಿದಿರಿ. ಬೇಸರಪಡಲಿಕ್ಕೆ ಕಾರಣ ಹುಡುಕುತ್ತಿದ್ದೇನೆ, ಸಿಗುವುದೆಲ್ಲ ನಗುವೇ...

ಈಗಷ್ಟೇ ಅವರ ಮನೆಯಿಂದ ಬಂದೆ.
ನೀರು ಕುಡಿಯಲಿಕ್ಕೆಂದು ಅಡುಗೆಮನೆಗೆ ಹೋದರೆ, ಕಟ್ಟೆಯ ಮೇಲೆ ಒಂದು ಪಾತ್ರೆ. ಒಳಗೆ ಸೊಳೆ.
ಅವರ ಹೆಂಡತಿ ಸುಮತಿಯಕ್ಕ ಬಾಗಿಲಲ್ಲಿ ನಿಂತಿದ್ದರು.
"ನಿನ್ನೆ ಅವರೇ ಹಾಕಿದ್ದು. ಎರಡು ನೀರು ಆಗಿದೆ."
ಆ ಮನೆಯಲ್ಲಿ ಇವತ್ತು ಒಲೆ ಹೊತ್ತುವುದಿಲ್ಲ, ಗೊತ್ತು. ಆ ಸೊಳೆ ತಿನ್ನುವವರೂ ಇಲ್ಲ.
ಆದರೂ ಹಳೆಯ ನೀರು ಚೆಲ್ಲಿದೆ... ಮೂರನೆಯದು ಹಾಕಿ, ತಟ್ಟೆ ಮುಚ್ಚಿ ಬಂದೆ.

ಹೋಗಿ ಬನ್ನಿ ಸರ್.
ಇನ್ನು ಎಷ್ಟು ಮೆಟ್ಟಿಲಾದರೂ ಹತ್ತಿ, ಯಾರೂ ತಡೆಯುವುದಿಲ್ಲ.
ನಿಮ್ಮ ಆತ್ಮಕ್ಕೆ ಮೇಲಿನ ಗಾಳಿಯ ತಂಪು ಸಿಗಲಿ...